ಓದುಗರ ಪ್ರಶ್ನೆ: ಹಳೇ ವಾಲ್ವ್ ಆಂಪ್‌ಗೆ ಹೊಸ ಟ್ರಾನ್ಸ್‌ಫಾರ್ಮರ್

ಪ್ರಶ್ನೆ: ಸೌದಿಯಿಂದ ತಂದ 1960ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ ನಮ್ಮಲ್ಲಿದೆ. ಇಲ್ಲಿ 110ರ ಸ್ಟೆಪ್‌ಡೌನ್ ಹಾಕಿ ಬಳಸುತ್ತಿದ್ದೆವು. ಈಗ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ, ಫ್ಯೂಸ್ ನಿಲ್ಲುತ್ತಿಲ್ಲ. 330-0-330 ವೋಲ್ಟಿನದು ಯಾವುದಾದರೂ ಆದೀತೇ? ಇಲ್ಲೇ ಸುತ್ತಿಸಬಹುದೇ?
– ಕುಂಬಳೆಯ ಓದುಗರು

ಉತ್ತರ: ವೋಲ್ಟೇಜ್ ಒಂದನ್ನೇ ನೋಡಿ ತರಬೇಡಿ. ಸೌದಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಸ್ಟೆಪ್‌ಡೌನ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. 60ಕ್ಕೆಂದೇ ಲೆಕ್ಕಹಾಕಿದ ಕಬ್ಬಿಣದ ಕೋರ್‌ನಲ್ಲಿ ಅದೇ ವೋಲ್ಟಿಗೆ 50 ಹರ್ಟ್ಸಿನಲ್ಲಿ ಕಾಂತಪ್ರವಾಹ ಶೇ. 20 ಹೆಚ್ಚು. ಗಿಟಾರ್ ನುಡಿಸದೆ ಸುಮ್ಮನೆ ಇಟ್ಟರೂ ಅದು ಕಾಯುತ್ತದೆ.

ಆದರೂ ಟ್ರಾನ್ಸ್‌ಫಾರ್ಮರ್ ನಿಜಕ್ಕೂ ಸತ್ತಿದೆಯೇ ಎಂದು ಮೊದಲು ನೋಡಿ. ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಆಂಪ್ ಆಫ್ ಮಾಡಿದ ಮೇಲೂ 400 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿ. ಸೆಕೆಂಡರಿ (ವಾಲ್ವ್‌ಗಳ ಕಡೆಗೆ ಹೋಗುವ ಸುರುಳಿ) ತಂತಿಗಳನ್ನೆಲ್ಲ ಬಿಡಿಸಿ, ಪ್ರೈಮರಿಗೆ (ಮೈನ್ಸ್ ಕರೆಂಟ್ ಬರುವ ಸುರುಳಿ) ಸರಣಿಯಲ್ಲಿ 60 ವಾಟಿನ ಹಳೇ ಮಾದರಿಯ ಬಲ್ಬ್ ಸೇರಿಸಿ. ಈ ಪರೀಕ್ಷೆ ಸ್ಟೆಪ್‌ಡೌನಿನ 110ರ ಕಡೆಯಲ್ಲೇ ಆಗಬೇಕು. ನೇರ 230ಕ್ಕೆ ಕೊಟ್ಟರೆ ಚೆನ್ನಾಗಿರುವ ಟ್ರಾನ್ಸ್‌ಫಾರ್ಮರಿನಲ್ಲೂ ಬಲ್ಬ್ ಉರಿದು ದಾರಿ ತಪ್ಪಿಸುತ್ತದೆ. ಏನೂ ಜೋಡಿಸದೆಯೂ ಬಲ್ಬ್ ಹೊಳೆದರೆ ಒಳಗೆ ಸುರುಳಿ ಶಾರ್ಟ್. ಹೊಳೆಯದಿದ್ದರೆ ಕಳ್ಳ ಬೇರೆಡೆ ಇದ್ದಾನೆ: ಶಾರ್ಟ್ ಆದ ಜಿಝಡ್34 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್), ಸೋರುವ ಫಿಲ್ಟರ್ ಕೆಪಾಸಿಟರ್, ಬಯಾಸ್ (ಹರಿವನ್ನು ಹಿಡಿತದಲ್ಲಿಡುವ ಋಣ ವೋಲ್ಟೇಜ್) ಕಳೆದುಕೊಂಡು ಕೆಂಪಗೆ ಕಾದ 6ವಿ6 ಔಟ್‌ಪುಟ್ ವಾಲ್ವ್. ಟ್ರಾನ್ಸ್‌ಫಾರ್ಮರ್ ಸತ್ತಿದ್ದರೂ ಇವನ್ನು ನೋಡದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ.

ಇನ್ನು ಹೀಟರ್, ಅಂದರೆ ವಾಲ್ವಿನೊಳಗೆ ಕಾಯುವ ತಂತಿಯ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. 6ವಿ6 ಎರಡು, ತಲಾ 0.45 ಆಂಪಿಯರ್, 12ಎಎಕ್ಸ್7 ಮತ್ತು 12ಎಟಿ7 ಎಂಬ ಸಣ್ಣ ವಾಲ್ವ್‌ಗಳು ಸೇರಿ ಆರು, ತಲಾ 0.3, ಪೈಲಟ್ ದೀಪ 0.15. ಒಟ್ಟು 2.85 ಆಂಪಿಯರ್. ಆದ್ದರಿಂದ 6.3 ವೋಲ್ಟಿನ ವೈಂಡಿಂಗ್ 4 ಆಂಪಿಯರಿನದಿರಲಿ. ಜಿಝಡ್34ಕ್ಕೆ ಬೇಕಾದ್ದು 5 ವೋಲ್ಟ್, 1.9 ಆಂಪಿಯರ್, 3ರದ್ದು ತೆಗೆದುಕೊಂಡರೆ ನಿಶ್ಚಿಂತೆ. ಹೈಟೆನ್ಷನ್ (ವಾಲ್ವ್ ಪ್ಲೇಟುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜ್) 330-0-330ಕ್ಕೆ 150 ಮಿಲಿಆಂಪಿಯರ್ ಸಾಕು. ಪ್ರೈಮರಿ 230 ಮತ್ತು 240 ವೋಲ್ಟಿನ ಟ್ಯಾಪ್ (ಸುರುಳಿಯ ನಡುವೆ ಹೊರತೆಗೆದ ತಂತಿ) ಇರುವಂಥದ್ದು, ಲೇಬಲ್ಲಿನಲ್ಲಿ 50 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಮರೆಯುವ ತಂತಿ ಇನ್ನೊಂದಿದೆ. ಹಳೆಯದರ ಹೈಟೆನ್ಷನ್ ವೈಂಡಿಂಗಿನಲ್ಲೇ ಸುಮಾರು 50 ವೋಲ್ಟಿನ ಬಯಾಸ್ ಟ್ಯಾಪ್ ಇರುತ್ತದೆ. ಅದಿಲ್ಲದ್ದನ್ನು ತಂದು ತಂತಿಯನ್ನು ಹಾಗೇ ಬಿಟ್ಟರೆ 6ವಿ6ಗಳಿಗೆ ಋಣ ವೋಲ್ಟೇಜ್ ಸಿಗದೆ ನಿಮಿಷಗಳಲ್ಲೇ ಪ್ಲೇಟ್ ಕೆಂಪಾಗುತ್ತದೆ. ಷಾಸಿಯ (ಆಂಪಿನ ಲೋಹದ ಚೌಕಟ್ಟು) ರಂಧ್ರ, ಬೋಲ್ಟುಗಳ ಅಂತರವನ್ನೂ ಅಳೆದುಕೊಳ್ಳಿ.

ಸುತ್ತಿಸಬಹುದು. ಆದರೆ ಪಂಪ್ ಮೋಟಾರ್ ಸುತ್ತುವವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಆಗದು, ಚೀಟಿ ಬರೆದು ಕೊಡಿ: ಸುಮಾರು 140 ವಿಎ, ಕೋರ್ ಅಡ್ಡಕೊಯ್ತ 14 ಚದರ ಸೆಂ.ಮೀ. ಆಸುಪಾಸು, ವೋಲ್ಟಿಗೆ 2.7 ಸುತ್ತು. ತಂತಿ ಪ್ರೈಮರಿಗೆ 24 ಗೇಜ್, ಹೈಟೆನ್ಷನ್‌ಗೆ 32, 6.3 ವೋಲ್ಟಿಗೆ 17. ಪದರ ಪದರಕ್ಕೂ ಇನ್ಸುಲೇಷನ್ ಕಾಗದ, ಪ್ರೈಮರಿ ಮತ್ತು ಸೆಕೆಂಡರಿ ನಡುವೆ ತಾಮ್ರದ ಹಾಳೆಯ ಶೀಲ್ಡ್. ಆ ಹಾಳೆಯ ಎರಡು ತುದಿ ಒಂದಕ್ಕೊಂದು ತಾಗಲೇಬಾರದು, ತಾಗಿದರೆ ಅದೇ ಶಾರ್ಟ್ ಆದ ಒಂದು ಸುತ್ತು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಮೇಲೆ ಬ್ರಶ್ಶಿನಲ್ಲಿ ಬಳಿದ ವಾರ್ನಿಶ್ ಸಾಲದು. ಅದ್ದಿ, ಒಲೆಯಲ್ಲಿ ಒಣಗಿಸಿರಬೇಕು.

ಜೋಡಿಸುವಾಗ ಬಣ್ಣ ನಂಬಬೇಡಿ, ಮೀಟರ್ ನಂಬಿ. ವಾಲ್ವ್‌ಗಳಿಲ್ಲದೆ ಮೊದಲ ಸಲ ಆನ್ ಮಾಡಿದಾಗ ಎಲ್ಲ ವೋಲ್ಟೇಜೂ ಶೇ. 5ರಿಂದ 10 ಹೆಚ್ಚಿರುತ್ತದೆ, ಗಾಬರಿ ಬೇಡ. 6ವಿ6 ಹಾಕುವ ಮುನ್ನ ಅದರ ಸಾಕೆಟ್ಟಿನ 5ನೇ ಪಿನ್ನಿನಲ್ಲಿ ಮೈನಸ್ 35 ವೋಲ್ಟ್ ಆಸುಪಾಸು ಬಂದಿರಬೇಕು. ಹಳೆಯ 2 ಆಂಪಿಯರ್ ಫ್ಯೂಸಿನ ಜಾಗಕ್ಕೆ 1 ಆಂಪಿಯರಿನ ಸ್ಲೋಬ್ಲೋ (ಕ್ಷಣಿಕ ಏರಿಕೆಗೆ ಸುಡದ) ಫ್ಯೂಸ್ ಹಾಕಿ.

ಪ್ರಶ್ನೆ: ಇಂಥದೇ ಹಳೇ ಆಂಪ್‌ಗೆ 230ರ ಟ್ರಾನ್ಸ್‌ಫಾರ್ಮರ್ ಹಾಕಿಸಿದೆವು. ಈಗ ಗಿಟಾರಿನ ತಂತಿ ಮುಟ್ಟಿದರೆ ಚುರುಕ್ಕೆನ್ನುತ್ತದೆ. ಇಎಲ್‌ಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬೀಳುವುದಿಲ್ಲ.
– ಬದಿಯಡ್ಕದ ಓದುಗರು

ಉತ್ತರ: ಗ್ರೌಂಡ್ ಸ್ವಿಚ್ಚಿನಿಂದ ಷಾಸಿಗೆ ಹೋಗುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಕತ್ತರಿಸಿ ಎಸೆಯಿರಿ. 230 ವೋಲ್ಟಿನಲ್ಲಿ ಅದರ ಮೂಲಕ 3.4 ಮಿಲಿಆಂಪಿಯರ್ ಹರಿಯುತ್ತದೆ; ಮೈಗೆ ಗೊತ್ತಾಗುತ್ತದೆ, 30 ಮಿಲಿಆಂಪಿಯರಿನ ಇಎಲ್‌ಸಿಬಿಗೆ ಗೊತ್ತಾಗುವುದಿಲ್ಲ. ಆ ಕೆಪಾಸಿಟರ್ ಶಾರ್ಟ್ ಆದರೆ ಷಾಸಿಯೇ ಲೈವ್. ಮೂರು ಪಿನ್ನಿನ ವಯರ್ ಹಾಕಿ, ಹಸಿರನ್ನು ಷಾಸಿಗೆ ಪ್ರತ್ಯೇಕ ಬೋಲ್ಟಿನಲ್ಲಿ ಬಿಗಿಯಿರಿ. ಮನೆಯ ಅರ್ಥಿಂಗನ್ನೂ ಬೇಸಿಗೆಯಲ್ಲಿ ಪರೀಕ್ಷೆ ಮಾಡಿಸಿ: ಒಣಗಿದ ಮುರಕಲ್ಲಿನ ನೆಲದಲ್ಲಿ ಅರ್ಥ್ ಗುಂಡಿ ಹೆಸರಿಗಷ್ಟೇ ಇರುತ್ತದೆ.

ಪ್ರಶ್ನೆ: ಹೊಸ ಟ್ರಾನ್ಸ್‌ಫಾರ್ಮರಿನಲ್ಲಿ ಹೀಟರ್ 7 ವೋಲ್ಟ್ ತೋರಿಸುತ್ತಿದೆ. ತೊಂದರೆಯೇ?
– ಮಂಜೇಶ್ವರದ ಓದುಗರು

ಉತ್ತರ: ವಾಲ್ವ್‌ಗಳೆಲ್ಲ ಹಾಕಿದ ಮೇಲೂ 7 ಇದ್ದರೆ ಹೆಚ್ಚಾಯಿತು, 5.7ರಿಂದ 6.9ರವರೆಗೆ ಸರಿ. 240ರ ಟ್ಯಾಪಿಗೆ ಬದಲಿಸಿ. ಟ್ಯಾಪ್ ಇಲ್ಲದಿದ್ದರೆ ಹೀಟರಿನ ಎರಡೂ ತಂತಿಗೆ 0.1 ಓಮ್, 5 ವಾಟಿನ ಒಂದೊಂದು ರೆಸಿಸ್ಟರ್ ಸರಣಿಯಲ್ಲಿ ಹಾಕಿ. 2.85 ಆಂಪಿಯರಿಗೆ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಇಳಿಯುತ್ತದೆ. ಒಂದೇ ತಂತಿಗೆ ಎರಡನ್ನೂ ಹಾಕಬೇಡಿ, ಸಮತೋಲ ತಪ್ಪಿ ಹಮ್ (ಗುಂಯ್ ಸದ್ದು) ಬರುತ್ತದೆ.