ಲೈವ್ ತಡವರಿಸಿದರೆ ಕಂಪ್ಯೂಟರ್ ಬದಲಿಸಬೇಕಾ?

ಹಾಸನದಲ್ಲಿ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಈ ಅಂಕಣಕ್ಕೆ ಈಗ ಬರುವ ಪ್ರಶ್ನೆಗಳಲ್ಲಿ ಗೇಮ್ ಲೈವ್ ಮಾಡುವ ಹುಡುಗ ಹುಡುಗಿಯರದ್ದೇ ಜಾಸ್ತಿ. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್ ಹಾಕಿಕೊಳ್ಳುವುದು ಹೇಗೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಐ5 10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್ ಇದೆ. ಆಡುವಾಗ ಗೇಮ್ ಚೆನ್ನಾಗಿಯೇ ಓಡುತ್ತದೆ. ಯೂಟ್ಯೂಬ್‌ನಲ್ಲಿ ಲೈವ್ ಹೋದರೆ ನೋಡುವವರಿಗೆ ತಡೆದು ತಡೆದು ಬರುತ್ತದಂತೆ. ಅಂಗಡಿಯವರು ಪೂರ್ತಿ ಸೆಟ್ ಬದಲಿಸಿ, ಒಂದು ಲಕ್ಷ ಆಗುತ್ತೆ ಅಂದರು. ಕಾಫಿ ದುಡ್ಡು ಬಂದ ಮೇಲೆ ಕೊಡಿಸ್ತೀನಿ ಅಂತ ಅಪ್ಪ ಹೇಳಿದ್ದಾರೆ. ಯಾವುದು ತಗೊಳ್ಳಲಿ ಸರ್? (ಸಕಲೇಶಪುರ)

ಸದ್ಯಕ್ಕೆ ಏನೂ ತಗೊಳ್ಳಬೇಡಿ. ಅಪ್ಪನ ದುಡ್ಡು ಅಪ್ಪನ ಹತ್ತಿರವೇ ಇರಲಿ.

ತೊಂದರೆ ಎಲ್ಲಿದೆ ಎಂದು ನೋಡದೆ ಅಂಗಡಿಯವರು ಲಕ್ಷದ ಲೆಕ್ಕ ಹೇಳಿದ್ದಾರಲ್ಲ, ಅದಕ್ಕೇ ನನಗೆ ಸಿಟ್ಟು. ನೋಡುವುದಕ್ಕೆ ಅರ್ಧ ಗಂಟೆ ಸಾಕು. ಓಬಿಎಸ್‌ನ ಮೇಲಿನ ಮೆನುವಿನಲ್ಲಿ ಸ್ಟ್ಯಾಟ್ಸ್ ಅಂತ ಇದೆ. ಅದನ್ನು ತೆರೆದಿಟ್ಟುಕೊಂಡು ಅರ್ಧ ಗಂಟೆ ಲೈವ್ ಮಾಡಿ. ಅಲ್ಲಿ ಮೂರು ಲೆಕ್ಕ ಕಾಣುತ್ತವೆ: ರೆಂಡರಿಂಗ್ ಲ್ಯಾಗ್, ಎನ್‌ಕೋಡಿಂಗ್ ಲ್ಯಾಗ್, ಮತ್ತು ನೆಟ್‌ವರ್ಕ್‌ನಿಂದ ಬಿದ್ದುಹೋದ ಫ್ರೇಮ್‌ಗಳು (ಫ್ರೇಮ್ ಅಂದರೆ ವಿಡಿಯೊದ ಒಂದೊಂದು ಚಿತ್ರ). ಯಾವುದು ಏರುತ್ತಿದೆಯೋ ರೋಗ ಅಲ್ಲಿದೆ.

ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಸಾಧನ) ಎಕ್ಸ್‌264 ಇದೆಯಾ ನೋಡಿ. ಹಾಗಿದ್ದರೆ ಗೇಮ್ ಓಡಿಸುವುದು, ವಿಡಿಯೊ ಕುಗ್ಗಿಸುವುದು ಎರಡೂ ಕೆಲಸ ಪ್ರೊಸೆಸರ್ ತಲೆಯ ಮೇಲೆ ಬೀಳುತ್ತವೆ. ಅದನ್ನು ಎನ್‌ವಿಡಿಯಾ ಎನ್‌ವೆಂಕ್‌ಗೆ ಬದಲಿಸಿ. ವಿಡಿಯೊ ಕುಗ್ಗಿಸುವುದಕ್ಕೆಂದೇ ನಿಮ್ಮ ಕಾರ್ಡ್‌ನಲ್ಲಿ ಬೇರೆ ಭಾಗ ಇದೆ, ಅದು ಗೇಮ್‌ನ ಶಕ್ತಿಯನ್ನು ಹೆಚ್ಚು ತಿನ್ನುವುದಿಲ್ಲ. ಬಹುತೇಕ 1650 ಕಾರ್ಡ್‌ಗಳಲ್ಲಿ ಇರುವುದು ಹಳೆಯ ತಲೆಮಾರಿನ ಎನ್‌ವೆಂಕ್. ಹುಲ್ಲು, ಎಲೆ ಜಾಸ್ತಿ ಇರುವ ಕಡೆ ಓಡಿದರೆ ಚಿತ್ರ ಸ್ವಲ್ಪ ಕಲಸಿದಂತೆ ಕಾಣಬಹುದು. 1650 ಸೂಪರ್, 1660 ಮತ್ತು ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಇದು ಸುಧಾರಿಸಿದೆ. ಆದರೂ ಚಾನೆಲ್ ಶುರು ಮಾಡುವವರಿಗೆ ನಿಮ್ಮದು ಧಾರಾಳ ಸಾಕು.

ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಕಾರ್ಡ್ ಸುಸ್ತಾಗಿದೆ ಎಂದರ್ಥ. ಗೇಮ್‌ಗೆ ಕಡಿವಾಣ ಇಲ್ಲದಿದ್ದರೆ ಅದು ಕಾರ್ಡನ್ನು ಪೂರ್ತಿ ನುಂಗುತ್ತದೆ, ಓಬಿಎಸ್‌ಗೆ ಚಿತ್ರ ಜೋಡಿಸಲು ಏನೂ ಉಳಿಯುವುದಿಲ್ಲ. ಆಗ ನಿಮಗೆ ಗೇಮ್ ನಯವಾಗಿಯೇ ಕಾಣುತ್ತದೆ, ನೋಡುವವರಿಗೆ ತಡವರಿಸುತ್ತದೆ. ನಿಮ್ಮ ದೂರೂ ಅದೇ ಅಲ್ವಾ? ಗೇಮ್ ಒಳಗೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳು) ಅನ್ನು 60ಕ್ಕೆ ಕಟ್ಟಿಹಾಕಿ, ನೆರಳಿನ ಸೆಟ್ಟಿಂಗ್ ಇಳಿಸಿ, ಓಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಒಂದು ರೂಪಾಯಿ ಖರ್ಚಿಲ್ಲ.

ಮೂರನೆಯದು ನೆಟ್. ಹಳ್ಳಿ ಕಡೆಯಿಂದ ಬರುವ ಸೆಟ್‌ಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಅದೇ ಸೆಟ್ಟಿಂಗ್‌ನಲ್ಲಿ ಹತ್ತು ನಿಮಿಷ ಲೈವ್ ಇಲ್ಲದೆ ಸುಮ್ನೆ ರೆಕಾರ್ಡ್ ಮಾಡಿ ನೋಡಿ. ರೆಕಾರ್ಡಿಂಗ್ ನಯವಾಗಿದ್ದರೆ ಕಂಪ್ಯೂಟರ್ ನಿರಪರಾಧಿ. ಎಲ್ಲರೂ ಡೌನ್‌ಲೋಡ್ ವೇಗ ಹೇಳುತ್ತಾರೆ, ಲೈವ್‌ಗೆ ಬೇಕಾದ್ದು ಅಪ್‌ಲೋಡ್. ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ವಿಡಿಯೊ ಡೇಟಾ) 6 ಎಂಬಿಪಿಎಸ್ ಇಟ್ಟರೆ ಅಪ್‌ಲೋಡ್ 10 ಆದರೂ ಇರಬೇಕು. ಅದೂ ನೀವು ಲೈವ್ ಹೋಗುವ ರಾತ್ರಿ ಹೊತ್ತಿನಲ್ಲಿ, ಬೆಳಗಿನ ಜಾವದಲ್ಲಿ ಅಳೆದರೆ ಪ್ರಯೋಜನವಿಲ್ಲ. ಅಷ್ಟು ಬರದಿದ್ದರೆ ಲೈವ್ ಚಿತ್ರದ ಅಳತೆಯನ್ನು 720ಪಿಗೆ ಇಳಿಸಿ, ಬಿಟ್‌ರೇಟ್ 4 ಎಂಬಿಪಿಎಸ್ ಇಡಿ. ಮಲೆನಾಡಿನ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಹಜಾರದ ರೂಟರ್‌ನಿಂದ ನಿಮ್ಮ ಕೋಣೆಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಯಿರಿ.

ಇಷ್ಟೆಲ್ಲ ಆದ ಮೇಲೆ, ಕೇಬಲ್ ಬಿಟ್ಟರೆ ಒಂದೇ ಒಂದು ಖರೀದಿಗೆ ನನ್ನ ಒಪ್ಪಿಗೆ ಇದೆ: ಇನ್ನೊಂದು 8 ಜಿಬಿ ರ‍್ಯಾಮ್. ಈಗಿರುವುದು ಒಂದೇ ಕಡ್ಡಿಯಾಗಿದ್ದರೆ ಪ್ರೊಸೆಸರ್‌ಗೆ ಅರ್ಧ ದಾರಿ ಮಾತ್ರ ತೆರೆದಿದೆ. ಎರಡು ಕಡ್ಡಿ ಸರಿಯಾದ ಸ್ಲಾಟ್‌ನಲ್ಲಿ ಕೂತರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಗೇಮ್, ಓಬಿಎಸ್, ಬ್ರೌಸರ್ ಮೂರಕ್ಕೂ ಜಾಗ ಆಗುತ್ತದೆ.

ಪ್ರಶ್ನೆ: ನಾಲ್ಕನೇ ತಲೆಮಾರಿನ ಐ5ಗೆ ರ‍್ಯಾಮ್ ಹೆಚ್ಚಿಸಿ ಲೈವ್ ಮಾಡಬಹುದಾ? (ಕಡೂರು)

ಬೇಡ, ನಿಮ್ಮದು ನಿಜವಾಗಿ ಬದಲಿಸುವ ಸೆಟ್. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು, ಆ ಚಿಪ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ತಗೊಳ್ಳಿ. ಕ್ಯಾಬಿನೆಟ್, ಎಸ್‌ಎಸ್‌ಡಿ ಉಳಿಸಿಕೊಳ್ಳಿ. ಇಂಟೆಲ್ ತಗೊಂಡರೆ ಹೆಸರಿನ ಕೊನೆಗೆ ಎಫ್ ಇಲ್ಲದ ಚಿಪ್ ಕೇಳಿ. ಅದರಲ್ಲಿ ವಿಡಿಯೊ ಕುಗ್ಗಿಸುವ ಕ್ವಿಕ್ ಸಿಂಕ್ ಇರುತ್ತದೆ, ಅದೂ ಲೈವ್‌ಗೆ ಆಗುತ್ತದೆ.

ಪ್ರಶ್ನೆ: 12 ಕೋರ್ ಜಿಯಾನ್ ಸೆಟ್ ಅಗ್ಗಕ್ಕೆ ಸಿಗ್ತಿದೆ, ಸ್ಟ್ರೀಮಿಂಗ್‌ಗೆ ಬೆಸ್ಟ್ ಅಂತಾರೆ. (ಅರಸೀಕೆರೆ)

ಹಳೆಯ ಸರ್ವರ್ ಚಿಪ್, ಹೆಸರಿಲ್ಲದ ಬೋರ್ಡ್, ವಾರಂಟಿ ಇಲ್ಲ. ಗೇಮ್‌ಗೆ ಒಂದೊಂದು ಕೋರ್‌ನ ವೇಗ ಮುಖ್ಯ, ಅದರಲ್ಲಿ ಅದೇ ಕಮ್ಮಿ. ಮುಟ್ಟಬೇಡಿ.

ಪ್ರಶ್ನೆ: ಲೈವ್‌ಗೆ ಎರಡು ಕಂಪ್ಯೂಟರ್ ಬೇಕೇ ಬೇಕಾ? (ಬೇಲೂರು)

ಬೇಡ.

ಪ್ರಶ್ನೆ: ಎಫ್‌ಪಿಎಸ್ ಬೂಸ್ಟರ್, ಕ್ರ್ಯಾಕ್ ಮಾಡಿದ ಎಡಿಟಿಂಗ್ ಸಾಫ್ಟ್‌ವೇರ್ ಎರಡೂ ಹಾಕಿದ್ದೇನೆ, ಇರಲಾ? (ಚನ್ನರಾಯಪಟ್ಟಣ)

ಇವತ್ತೇ ತೆಗೆಯಿರಿ. ಬೂಸ್ಟರ್‌ನಿಂದ ಯಾವ ಚಿಪ್ಪೂ ವೇಗ ಆಗುವುದಿಲ್ಲ. ಕ್ರ್ಯಾಕ್ ಜೊತೆ ಬರುವ ಕಳ್ಳ ಪ್ರೋಗ್ರಾಂ ಬ್ರೌಸರ್‌ನ ಕುಕೀಸ್ (ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತು) ಕದ್ದರೆ ಪಾಸ್‌ವರ್ಡ್, ಓಟಿಪಿ ಯಾವುದೂ ಬೇಡ, ಚಾನೆಲ್ಲೇ ಹೋಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತೆ. ಸ್ಟೆಬಿಲೈಜರ್ ಹಾಕಿದರೆ ಸಿಡಿಲಿಂದ ಉಳಿಯುತ್ತಾ? (ಮೂಡಿಗೆರೆ)

ಉಳಿಯುವುದಿಲ್ಲ. ಈ ವಿಷಯದಲ್ಲಿ ನಾನು ತುಂಬ ಅಂಜುವವನು, ನೀವೂ ಅಂಜಿ. ಮೋಡ ಕಟ್ಟಿದಾಗ, ಗುಡುಗು ಶುರುವಾಗುವ ಮೊದಲೇ ಲೈವ್ ನಿಲ್ಲಿಸಿ, ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಲ್ಯಾನ್ ಕೇಬಲ್ಲೂ ಕೀಳಿ. ರೂಟರ್‌ನ ಅಡಾಪ್ಟರ್ ಮೂಲಕ ಬಂದ ಹೊಡೆತ ಆ ತಂತಿಯಲ್ಲೇ ಬೋರ್ಡ್ ತನಕ ಬರುತ್ತದೆ. ಮನೆಗೆ ಅರ್ತಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಕರೆಂಟ್ ಹೋಗಿ ಬರುವುದಕ್ಕೆ ಮಾತ್ರ ಯುಪಿಎಸ್ ಬೇಕು. ಮನೆಯ ಇನ್ವರ್ಟರ್‌ಗೇ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಲಿ. ಎಷ್ಟೋ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಆ ಕಡೆಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಲೈಟ್ ಉರಿಯುತ್ತಲೇ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು.