ಫೆರಿಟಿನ್ ಏರಿದೆ ಎಂದು ಮುದ್ದೆ, ಸೊಪ್ಪು ಬಿಡಬೇಕೇ?

ಪ್ರಶ್ನೆ: ನನಗೆ 46 ವರ್ಷ, ಚಿಂತಾಮಣಿಯಲ್ಲಿ ಅಂಗಡಿ ಇದೆ. ತೂಕ 84 ಕೆ.ಜಿ. ಕುಡಿತವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ, ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ (ಕಬ್ಬಿಣವನ್ನು ಕೂಡಿಡುವ ಪ್ರೋಟೀನು) 520 ಇದೆ. ಸುಸ್ತು ಎಂದು ನಾನೇ ಕಬ್ಬಿಣದ ಟಾನಿಕ್ ತಂದು ಕುಡಿಯುತ್ತಿದ್ದೆ. ಅದರಿಂದಲೇ ಲಿವರ್ ಕೆಟ್ಟಿತೇ? ರಾಗಿ ಮುದ್ದೆ, ಬಸ್ಸಾರು ಬಿಡಬೇಕೇ? ರಕ್ತದಾನ ಮಾಡಿದರೆ ಗುಣವಾಗುತ್ತದೆಯೇ? ಹೆಂಡತಿಯೂ ಕಬ್ಬಿಣದ ಮಾತ್ರೆ ನುಂಗುತ್ತಾಳೆ, ನಿಲ್ಲಿಸಲೇ?

ಉತ್ತರ: ಮುದ್ದೆ, ಬಸ್ಸಾರು ಬಿಡಬೇಡಿ. ಬಿಡಬೇಕಾದ್ದು ಟಾನಿಕ್, ಅದೂ ಇವತ್ತೇ. ರಾಗಿ, ಸೊಪ್ಪಿನ ಕಬ್ಬಿಣವನ್ನು ಕರುಳು ಹೀರಿಕೊಳ್ಳುವುದೇ ಅತ್ಯಲ್ಪ. ಅದರಿಂದ ಫೆರಿಟಿನ್ 520 ಆಗುವುದಿಲ್ಲ.

ಫೆರಿಟಿನ್ ಕಬ್ಬಿಣದ ದಾಸ್ತಾನು ತೋರಿಸುತ್ತದೆ ನಿಜ, ಆದರೆ ದೇಹದಲ್ಲಿ ಉರಿಯೂತವಿದ್ದರೂ ಏರುತ್ತದೆ. ಫ್ಯಾಟಿ ಲಿವರ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕಬ್ಬಿಣವನ್ನು ಹತೋಟಿಯಲ್ಲಿಡುವ ಹೆಪ್ಸಿಡಿನ್ ಹಾರ್ಮೋನು ತಯಾರಾಗುವುದು ಲಿವರ್‌ನಲ್ಲೇ. ಕೊಬ್ಬು ತುಂಬಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಆ ಹತೋಟಿ ತಪ್ಪಿ ಕಬ್ಬಿಣ ಜೀವಕೋಶಗಳಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ಉಳಿದ ಕಬ್ಬಿಣ ಕೊಬ್ಬನ್ನು ಉತ್ಕರ್ಷಿಸಿ, ಅಂದರೆ ಆಮ್ಲಜನಕದೊಂದಿಗೆ ಸೇರಿಸಿ ಕೆಡಿಸಿ, ಲಿವರ್‌ಗೆ ಇನ್ನಷ್ಟು ಗಾಯ ಮಾಡಬಲ್ಲದು. ಅಂದರೆ ಹೆಚ್ಚಿನವರಲ್ಲಿ ಮೊದಲು ಬರುವುದು ಕೊಬ್ಬು, ಕಬ್ಬಿಣ ಆಮೇಲೆ.

ನಿಮ್ಮದು ನಿಜಕ್ಕೂ ಕಬ್ಬಿಣದ ಹೊರೆಯೇ ಎಂದು ತಿಳಿಯಲು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಶೇಕಡಾ ಎಷ್ಟು ಭಾಗ ಕಬ್ಬಿಣದಿಂದ ತುಂಬಿದೆ ಎಂದು ಅದು ಹೇಳುತ್ತದೆ. ಬರೀ ಫೆರಿಟಿನ್ ನೋಡಿ ಹೆದರಿ ಬರುವವರೇ ಬಹಳ, ಈ ಪರೀಕ್ಷೆ ಮಾಡಿಸಿರುವುದೇ ಇಲ್ಲ. ಅದು ಶೇ 45ಕ್ಕಿಂತ ಕಡಿಮೆಯಿದ್ದರೆ ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ಹೀಮೊಕ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆಯ ಸಾಧ್ಯತೆ ಕಡಿಮೆ. ಯುರೋಪಿನವರಲ್ಲಿ ಸಾಮಾನ್ಯವಾದ ಅದರ ಬಗೆ ನಮ್ಮಲ್ಲಿ ಅಪರೂಪವೂ ಹೌದು. ಮತ್ತೆ ಮಾಡಿಸಿದಾಗಲೂ 45 ದಾಟಿದರೆ, ಇಲ್ಲವೇ ಫೆರಿಟಿನ್ 1000 ಮೀರಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. ಹೆಪಟೈಟಿಸ್ ಬಿ, ಸಿ ಮತ್ತು ಸಕ್ಕರೆ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ರಕ್ತದಾನ ಒಳ್ಳೆಯ ಕೆಲಸ, ಆದರೆ ಫ್ಯಾಟಿ ಲಿವರ್‌ಗೆ ಮದ್ದಲ್ಲ. ರಕ್ತ ತೆಗೆದು ಕಬ್ಬಿಣ ಇಳಿಸಿ ನೋಡಿದ ಅಧ್ಯಯನಗಳಲ್ಲಿ ಲಿವರ್‌ನ ಕೊಬ್ಬು ಕರಗಲಿಲ್ಲ. ಅದು ಕರಗುವುದು ತೂಕ ಇಳಿದಾಗ. ಶೇ 7ರಿಂದ 10 ಇಳಿಸಬೇಕು, ನಿಮಗೆ ಅದು 6ರಿಂದ 8 ಕೆ.ಜಿ. ಅಂಗಡಿಯಲ್ಲಿ ಕೂತೇ ದಿನ ಕಳೆಯುವುದಾದರೆ ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಸಕ್ಕರೆ ಹಾಕಿದ ಟೀ, ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್ ಬಿಡಿ. ಮುದ್ದೆ ಇರಲಿ, ಎರಡಿದ್ದರೆ ಒಂದಾಗಲಿ, ಆ ಜಾಗಕ್ಕೆ ಸೊಪ್ಪು, ಕಾಳು ಹೆಚ್ಚಿಸಿ.

ಹೆಂಡತಿಯ ಮಾತ್ರೆ ನಿಲ್ಲಿಸಬೇಡಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಅವರ ಮಾತ್ರೆ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಅವರ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ನೋಡಿ ಅವರ ವೈದ್ಯರು ಹೇಳುತ್ತಾರೆ.