ಗ್ರಾಹಕರ ತಾಣಕ್ಕೆ ವೆಬ್‌ಫ್ಲೋ ಸಿಎಂಎಸ್ ಆಗುತ್ತದೆಯೇ?

ಪ್ರಶ್ನೆ: ಮೂರ್ನಾಲ್ಕು ಗ್ರಾಹಕರಿಗೆ ವೆಬ್‌ಸೈಟ್ ಮಾಡಿಕೊಡಬೇಕಿದೆ. ವರ್ಡ್‌ಪ್ರೆಸ್ ಬದಲು ವೆಬ್‌ಫ್ಲೋ (ಕೋಡ್ ಬರೆಯದೆ ತಾಣ ಕಟ್ಟುವ ಆನ್‌ಲೈನ್ ಸೇವೆ) ಮತ್ತು ಅದರ ಸಿಎಂಎಸ್ (ತಾಣದ ವಿಷಯ ತುಂಬಿ ನಿರ್ವಹಿಸುವ ವ್ಯವಸ್ಥೆ) ಬಳಸಿದರೆ ಮುಂದೆ ಬೇರೆಡೆಗೆ ಸಾಗಿಸಲು ಆಗುತ್ತದೆಯೇ?

ಉತ್ತರ: ಸುದ್ದಿ, ಉತ್ಪನ್ನಗಳ ಪಟ್ಟಿ, ಸಿಬ್ಬಂದಿ ಪರಿಚಯದಂಥ ಒಂದೇ ಅಚ್ಚಿನ ಪುಟಗಳ ತಾಣಕ್ಕೆ ಧಾರಾಳವಾಗಿ ಬಳಸಿ. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ಅಪ್‌ಡೇಟ್, ಸರ್ವರ್ ನಿರ್ವಹಣೆಯ ತಲೆನೋವಿಲ್ಲ. ಸದಸ್ಯರ ಲಾಗಿನ್ ಬೇಕಿದ್ದರೆ ವರ್ಡ್‌ಪ್ರೆಸ್ಸೇ ಮೇಲು.

ಸಾಗಿಸುವುದು ಮಾತ್ರ ಅರ್ಧಂಬರ್ಧ. ಕೋಡ್ ಎಕ್ಸ್‌ಪೋರ್ಟ್ ಮಾಡಿದರೆ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಡತಗಳು ಸಿಗುತ್ತವೆ. ಸಿಎಂಎಸ್‌ನಲ್ಲಿ ತುಂಬಿದ ವಿಷಯ ಅದರಲ್ಲಿ ಬರುವುದಿಲ್ಲ. ಪಟ್ಟಿಗಳಿದ್ದ ಜಾಗ ಖಾಲಿ ಉಳಿಯುತ್ತದೆ. ಫಾರ್ಮ್ ಮತ್ತು ತಾಣದೊಳಗಿನ ಹುಡುಕಾಟ ಕೂಡ ನಿಂತುಹೋಗುತ್ತವೆ. ವಿಷಯ ಬೇಕಾದರೆ ಪ್ರತಿ ಕಲೆಕ್ಷನ್ನನ್ನೂ (ಸುದ್ದಿ, ಉತ್ಪನ್ನದಂಥ ಒಂದೇ ಬಗೆಯ ವಿಷಯಗಳ ಗುಂಪು) ಪ್ರತ್ಯೇಕವಾಗಿ ಸಿಎಸ್‌ವಿ (ಕೋಷ್ಟಕ ರೂಪದ) ಕಡತವಾಗಿ ಇಳಿಸಿಕೊಳ್ಳಬೇಕು. ಅದರಲ್ಲಿ ಚಿತ್ರಗಳಿರುವುದಿಲ್ಲ, ವೆಬ್‌ಫ್ಲೋ ಸರ್ವರಿನ ಕೊಂಡಿಗಳಷ್ಟೇ ಇರುತ್ತವೆ. ಹಾಗಾಗಿ ತಾಣ ಅಳಿಸುವ ಮುನ್ನವೇ ಚಿತ್ರಗಳನ್ನೂ ಇಳಿಸಿಕೊಳ್ಳಿ. ಇದನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಗ್ರಾಹಕರಿಗೆ ಬರೆದು ತಿಳಿಸುವುದು ನ್ಯಾಯ.

ವಿನ್ಯಾಸಕ್ಕೆ ಕೈಹಾಕುವ ಮೊದಲು ಕಲೆಕ್ಷನ್‌ಗಳನ್ನು ಕಾಗದದ ಮೇಲೆ ಗುರುತಿಸಿ. ಲೇಖಕ, ವಿಭಾಗ ಇತ್ಯಾದಿಗಳನ್ನು ಬರೀ ಪಠ್ಯವಾಗಿ ತುಂಬದೆ ಬೇರೆ ಕಲೆಕ್ಷನ್ ಮಾಡಿ ರೆಫರೆನ್ಸ್ ಫೀಲ್ಡಿನಿಂದ (ಒಂದು ಕಲೆಕ್ಷನ್ನಿನಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ಅಂಕಣ) ಜೋಡಿಸಿ; ಇಲ್ಲದಿದ್ದರೆ ಒಂದು ಹೆಸರು ತಿದ್ದಲು ಹತ್ತಾರು ಐಟಂ (ಕಲೆಕ್ಷನ್ನಿನ ಒಂದೊಂದು ನಮೂದು) ತೆರೆಯಬೇಕಾಗುತ್ತದೆ. ಕಲೆಕ್ಷನ್ ಲಿಸ್ಟ್ (ಐಟಂಗಳನ್ನು ಪುಟದಲ್ಲಿ ತೋರಿಸುವ ಪಟ್ಟಿ) ಒಮ್ಮೆಗೆ ತೋರಿಸುವುದು 100 ಐಟಂ; ಅದಕ್ಕೂ ಹೆಚ್ಚಿದ್ದರೆ ಪ್ಯಾಜಿನೇಷನ್ ಹಾಕಿ, ಅಂದರೆ ಪಟ್ಟಿಯನ್ನು ಪುಟಪುಟವಾಗಿ ಒಡೆಯಿರಿ. ಪ್ರಕಟಿಸಿದ ಪುಟದ ಸ್ಲಗ್ (ವಿಳಾಸದಲ್ಲಿ ಪುಟವನ್ನು ಗುರುತಿಸುವ ಭಾಗ) ಬದಲಿಸಿದರೆ 301 ರೀಡೈರೆಕ್ಟ್ (ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ ಸೂಚನೆ) ಸೇರಿಸಲೇಬೇಕು, ಹಳೆಯ ಕೊಂಡಿ ಒತ್ತಿದವರಿಗೆ 404 (ಪುಟ ಸಿಗಲಿಲ್ಲ) ಕಾಣಿಸಬಾರದು.

ಸೈಟ್ ಪ್ಲಾನಿನ (ತಾಣ ನಡೆಸಲು ವೆಬ್‌ಫ್ಲೋಗೆ ಕಟ್ಟುವ ಚಂದಾ) ಹಣ ಗ್ರಾಹಕರ ಕಾರ್ಡಿನಿಂದಲೇ ಹೋಗಲಿ.